ಉಪೇಕ್ಷಿತ ಶೋಧನೆಯ ಕಡತಗಳು

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕೊಪ್ಪದ ಬಳಿಯ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ಬೌದ್ಧರು 1960ರ ದಶಕದಿಂದ ನೆಲಸಿರುವರು. ಗತಿಸಿದ ಗುರುವು ಮರಳಿ ಶಿಶುವಾಗಿ ಜನಿಸುವನೆಂಬುದು ಅವರ ಶ್ರದ್ಧೆ. ಶ್ರದ್ಧೆಯ ದಾಖಲೆಯನ್ನು ವಿಹಾರವು ಕಾಯುವುದು. ಆದರೆ ಪುನರ್ಜನ್ಮದ ಹೇಳಿಕೆಗಳನ್ನು ನಂಬಿಕೆಯಿಂದಲ್ಲದೆ ಪರೀಕ್ಷೆಯಿಂದ ನೋಡಹೊರಟ ವಿಜ್ಞಾನಿಗಳ ಕಾಗದಪತ್ರಗಳನ್ನು ಕಾಯುವವರಾರು?

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಡಾ. ಇಯಾನ್ ಸ್ಟೀವನ್‌ಸನ್ನರು 1961ರಲ್ಲಿ ಭಾರತಕ್ಕೆ ಬಂದು, ಪೂರ್ವಜನ್ಮದ ಮಾತಾಡುವ ಮಕ್ಕಳ ಹಾಗೂ ಅವರ ಬಂಧುಗಳ ಹೇಳಿಕೆಗಳನ್ನು ಬರೆದುಕೊಂಡರು. ನಾನಾ ದೇಶಗಳಿಂದ ಸಂಗ್ರಹವಾದ 2,500ಕ್ಕೂ ಮಿಕ್ಕ ಪ್ರಕರಣಗಳ ಕಡತಗಳು ಆ ವಿಶ್ವವಿದ್ಯಾನಿಲಯದಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾ. ಸತ್ವಂತ್ ಪಸ್ರೀಚಾ ಅವರು ಇದೇ ಶೋಧನೆಯನ್ನು ಮುಂದುವರಿಸಿ 1990ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು.

ಇದು ವಿಜ್ಞಾನವೇ ಅಲ್ಲವೆಂದು ಹಲವು ಪ್ರಾಜ್ಞರ ಮತ. ಮಗುವಿನ ಮಾತನ್ನು ಹಿರಿಯರೇ ತಿದ್ದಿರಬಹುದು. ಎರಡು ಮನೆಯವರಿಗೂ ಮೊದಲೇ ಪರಿಚಯವಿದ್ದಿರಬಹುದು. ಈ ಆಕ್ಷೇಪಣೆಯಲ್ಲಿ ಹುರುಳುಂಟು. ಆದರೆ ಅದನ್ನು ಸ್ಥಾಪಿಸುವುದಕ್ಕೂ ಮೂಲ ಟಿಪ್ಪಣಿಯೇ ಬೇಕು. ಮಗುವಿನ ಮಾತನ್ನು ಯಾರು, ಎಂದು ಕೇಳಿದರು? ಎರಡು ಮನೆಯವರು ಭೇಟಿಯಾಗುವ ಮೊದಲೋ, ಆಮೇಲೋ? ಅಚ್ಚಾದ ಗ್ರಂಥದಲ್ಲಿರುವುದು ಲೇಖಕನು ಆರಿಸಿದ ಅಂಶ. ಬಿಟ್ಟ ಅಂಶವು ಟಿಪ್ಪಣಿ ಪುಸ್ತಕದಲ್ಲಿರುವುದು. ಸಾಕ್ಷಿಗಳು ಗತಿಸಿದ ಮೇಲೆ ಮರುವಿಚಾರಣೆಗೆ ಬೇರೆ ದಾರಿಯಿಲ್ಲ. 1976ರಲ್ಲಿ ಡಾ. ಹೆಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಪ್ರಶ್ನಿಸದೆ ಒಪ್ಪಲಾಗದೆಂಬ ತತ್ತ್ವವನ್ನು ಎತ್ತಿಹಿಡಿದರು. ದಾಖಲೆಯೇ ನಾಶವಾದರೆ ಪ್ರಶ್ನಿಸುವುದಾದರೂ ಯಾವುದನ್ನು?

ಇಂದು ಬೆಲೆಯಿಲ್ಲವೆಂದು ತೋರುವ ಹಸ್ತಪ್ರತಿಯ ಬೆಲೆಯನ್ನು ನಾಳೆಯೇ ನಿರ್ಣಯಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತುದು ಯಾರೋ ಕಾಪಾಡಿದ್ದ ಓಲೆಯ ಕಟ್ಟೊಂದು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರವನ್ನು ಸೇರಿದ್ದರಿಂದ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು.

ಆದುದರಿಂದ ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ಮಾಡತಕ್ಕುದು ಇಷ್ಟು: ಸಂಸ್ಥೆಗಳಲ್ಲಿಯೂ ವಿಶ್ರಾಂತ ಶೋಧಕರ ಮನೆಗಳಲ್ಲಿಯೂ ಇರುವ ಇಂತಹ ಕಾಗದಪತ್ರಗಳ ಪಟ್ಟಿಯನ್ನು ಸಿದ್ಧಪಡಿಸಲಿ; ಒಪ್ಪಿಸುವವರಿಂದ ಸ್ವೀಕರಿಸಿ ಒಂದು ಪುಸ್ತಕ ಭಂಡಾರದಲ್ಲಿರಿಸಲಿ; ವಿದೇಶದಲ್ಲಿರುವ ಭಾರತದ ಪ್ರಕರಣಗಳ ಪ್ರತಿಗಳನ್ನು ಕೇಳಿ ಪಡೆಯಲಿ. ಹೇಳಿಕೆಯಿತ್ತ ಕುಟುಂಬಗಳ ಹೆಸರು ಗೋಪ್ಯವಾಗಿರಲಿ. ನಂಬುವವನಿಗೂ ಸಂಶಯಿಸುವವನಿಗೂ ಕಡತವು ಸಮನಾಗಿ ತೆರೆದಿರಲಿ.

ತೀರ್ಪನ್ನು ಮುಂದಿನವರು ಕೊಟ್ಟುಕೊಳ್ಳಲಿ. ಸಾಕ್ಷ್ಯವನ್ನು ಉಳಿಸುವ ಹೊಣೆ ಮಾತ್ರ ನಮ್ಮದು.