ಮೇದೋಜೀರಕದ ಅರ್ಬುದ ಮತ್ತು ಸೂಕ್ಷ್ಮಾಣುಜೀವಿಗಳು



ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಅನ್ನವನ್ನು ಜೀರ್ಣಿಸುವ ರಸವನ್ನೂ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಒದಗಿಸುತ್ತದೆ. ಮರೆಯಲ್ಲಿದ್ದು ದುಡಿಯುವ ಈ ಅಂಗಕ್ಕೆ ಅರ್ಬುದ, ಅಂದರೆ ಕ್ಯಾನ್ಸರ್, ತಗುಲಿದರೆ ಅದೂ ಬಹುಕಾಲ ಮರೆಯಲ್ಲಿಯೇ ಬೆಳೆಯುತ್ತದೆ. ಆದುದರಿಂದಲೇ ಇದು ಅತಿ ಕಠಿಣ ವ್ಯಾಧಿಗಳಲ್ಲೊಂದು ಎನಿಸಿದೆ.

ಈ ಗ್ರಂಥಿಯಲ್ಲಿ ಸೂಕ್ಷ್ಮಾಣುಜೀವಿಗಳಿಗೆ ನೆಲೆಯಿಲ್ಲವೆಂದು ವೈದ್ಯಲೋಕವು ಬಹುಕಾಲ ಭಾವಿಸಿತ್ತು. 2017ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರವಿದ್ ಸ್ಟ್ರಾಸ್‌ಮನ್ ಮತ್ತು ಸಂಗಡಿಗರು ಇಂತಹ 113 ಗಡ್ಡೆಗಳನ್ನು ಪರೀಕ್ಷಿಸಿದಾಗ 86ರಲ್ಲಿ ಬ್ಯಾಕ್ಟೀರಿಯಾಗಳ ಗುರುತು ದೊರೆಯಿತು. ಅದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿದೆ. ಅವುಗಳಲ್ಲಿ ಕೆಲವು ತಮ್ಮಲ್ಲಿರುವ ಒಂದು ಕಿಣ್ವದಿಂದ ಜೆಮ್‌ಸಿಟಬಿನ್ ಎಂಬ ಔಷಧವನ್ನು ನಿಷ್ಫಲಗೊಳಿಸಬಲ್ಲವು. ಈ ರೋಗಕ್ಕೆ ವೈದ್ಯರು ಕೊಡುವ ಮುಖ್ಯ ಔಷಧಗಳಲ್ಲಿ ಅದೂ ಒಂದು. ಹಸಿದವನಿಗೆಂದು ಕಳುಹಿಸಿದ ಬುತ್ತಿಯನ್ನು ದಾರಿಯಲ್ಲಿಯೇ ಬೇರೊಬ್ಬರು ಉಂಡಂತಾಯಿತು!

2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಬ್ಯಾಕ್ಟೀರಿಯಾಗಳನ್ನು ನಿವಾರಿಸಿದಾಗ ಗಡ್ಡೆಯ ಬೆಳವಣಿಗೆ ಕುಗ್ಗಿತು. ದೇಹದ ರಕ್ಷಣಾಶಕ್ತಿಯು ಎಚ್ಚೆತ್ತಿತು. ಹಾಗೆಂದು ಎಲ್ಲ ಸೂಕ್ಷ್ಮಾಣುಗಳೂ ವೈರಿಗಳೆಂದು ತಿಳಿಯಲಾಗದು. 2019ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಶೋಧಕರು, ಶಸ್ತ್ರಚಿಕಿತ್ಸೆಯ ಬಳಿಕ ದೀರ್ಘಕಾಲ ಬದುಕಿದವರ ಗಡ್ಡೆಗಳಲ್ಲಿ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿದ್ದುದನ್ನು ಕಂಡರು.

ಇದರಿಂದ ಗೃಹಸ್ಥರಾದ ನಾವು ಗ್ರಹಿಸಬೇಕಾದುದೇನು? ಮೊದಲನೆಯದಾಗಿ, ಇದು ಅಂಟುರೋಗವಲ್ಲ. ‘ಬ್ಯಾಕ್ಟೀರಿಯಾ’ ಎಂಬ ಮಾತು ಕಿವಿಗೆ ಬಿದ್ದೊಡನೆ ರೋಗಿಯ ತಟ್ಟೆ-ಲೋಟಗಳನ್ನು ಬೇರೆಯಿಡುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ಸಲ್ಲದು. ನೋವುಣ್ಣುತ್ತಿರುವ ಹಿರಿಯರಿಗೆ ಮನೆಯವರ ದೂರವೇ ಎರಡನೆಯ ವ್ಯಾಧಿಯಾದೀತು. ಅವರೊಡನೆ ಕುಳಿತು ಉಣ್ಣೋಣ, ಕೈಹಿಡಿದು ಮಾತನಾಡೋಣ.

ಎರಡನೆಯದಾಗಿ, ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆಗಳನ್ನು ತಂದು ನಾವೇ ನುಂಗಿಸುವುದು ಅಪಾಯಕರ. ಇಲಿಗಳಲ್ಲಿ ಕಂಡುದು ಮನುಷ್ಯರಿಗೆ ಚಿಕಿತ್ಸೆಯಾಗಲು ಬಹಳ ಪರೀಕ್ಷೆಗಳು ಬೇಕು. ಅಂತಹ ಮಾತ್ರೆಗಳು ಕರುಳಿನ ಹಿತಕಾರಿ ಜೀವಿಗಳನ್ನೂ ಕೊಲ್ಲುತ್ತವೆ. ವೈದ್ಯರು ಸೋಂಕನ್ನು ಕಂಡು ಬರೆದುಕೊಟ್ಟರೆ ಮಾತ್ರ ಅವು ಯೋಗ್ಯ.

ಮೂರನೆಯದಾಗಿ, ವಸಡಿನ ರೋಗಕ್ಕೂ ಈ ಅರ್ಬುದಕ್ಕೂ ನಂಟಿರುವಂತೆ ಕೆಲವು ಅಧ್ಯಯನಗಳು ತೋರಿಸಿವೆ. ಅದೇ ಕಾರಣವೆಂದು ಸಿದ್ಧವಾಗಿಲ್ಲವಾದರೂ, ಹಲ್ಲು-ವಸಡುಗಳ ಶುಚಿತ್ವದಿಂದ ನಷ್ಟವೇನಿಲ್ಲ. ತಂಬಾಕಂತೂ ಈ ರೋಗಕ್ಕೆ ಖಚಿತವಾದ ಕಾರಣಗಳಲ್ಲೊಂದು. ಬೀಡಿ-ಸಿಗರೇಟುಗಳನ್ನು ಇಂದೇ ತ್ಯಜಿಸತಕ್ಕದ್ದು.

ಕಣ್ಣು-ಚರ್ಮಗಳು ಹಳದಿಗಟ್ಟುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬೆನ್ನಿಗೆ ಹರಡುವ ಹೊಟ್ಟೆನೋವು, ಇಳಿವಯಸ್ಸಿನಲ್ಲಿ ಹಠಾತ್ತನೆ ತಲೆದೋರುವ ಮಧುಮೇಹ, ಇವುಗಳಿಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕಾಮಾಲೆಯೆಂದು ನಾಟಿ ಔಷಧಿಯಲ್ಲಿ ತಿಂಗಳುಗಳನ್ನು ಕಳೆಯದೆ ಆಸ್ಪತ್ರೆಗೆ ಹೋಗುವುದೇ ವಿವೇಕ. ಗಡ್ಡೆಯು ಚಿಕ್ಕದಿರುವಾಗಲೇ ಸಿಕ್ಕರೆ ಶಸ್ತ್ರಚಿಕಿತ್ಸೆಗೆ ಅವಕಾಶವುಂಟು.