ಮಂಜಿನ ಬೆಳಿಗ್ಗೆ ಡೆಲಿವರಿ ಬೈಕ್: ಹೆಲ್ಮೆಟ್ ಗ್ಲಾಸ್ ಯಾರ ಜವಾಬ್ದಾರಿ?

ದುಬೈ: ಯುಎಇಯಲ್ಲಿ ಚಳಿಗಾಲ ಬಂತೆಂದರೆ ಬೆಳಗಿನ ಮಂಜು ಶುರು. ರಾತ್ರಿ ಮರಳುನೆಲ ಬೇಗ ತಣ್ಣಗಾಗುತ್ತದೆ, ಕಡಲಿನ ತೇವದ ಗಾಳಿ ಅದರ ಮೇಲೆ ದಟ್ಟ ಮಂಜಾಗಿ ಕೂರುತ್ತದೆ. ರಾಷ್ಟ್ರೀಯ ಹವಾಮಾನ ಕೇಂದ್ರ ಹಳದಿ, ಕೆಂಪು ಎಚ್ಚರಿಕೆ ಕೊಡುತ್ತದೆ. ಅಬುಧಾಬಿ ಪೊಲೀಸರು ಹೆದ್ದಾರಿಯ ಬೋರ್ಡ್‌ಗಳಲ್ಲಿ ವೇಗಮಿತಿಯನ್ನು 80 ಕಿ.ಮೀ.ಗೆ ಇಳಿಸುತ್ತಾರೆ. ಲಾರಿಗಳನ್ನೂ ಕಾರ್ಮಿಕರ ಬಸ್‌ಗಳನ್ನೂ ಮಂಜು ಕರಗುವ ತನಕ ರಸ್ತೆಗೆ ಬಿಡುವುದಿಲ್ಲ.

ಕಾರಿನಲ್ಲಿ ಕೂತವರಿಗೆ ಈ ವ್ಯವಸ್ಥೆ ಬಹುಮಟ್ಟಿಗೆ ಸಾಕು. ಅವರಿಗೆ ವೈಪರ್ ಇದೆ, ಗಾಜಿನ ಮೇಲೆ ಗಾಳಿ ಬಿಡುವ ಎಸಿ ಇದೆ. ಬೆನ್ನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಉಪಾಹಾರ ತಲುಪಿಸುವ ಹುಡುಗನಿಗೆ ಇರುವ ವೈಪರ್ ಅವನ ಎಡಗೈ ಗ್ಲೌಸ್ ಮಾತ್ರ. ಹೆಲ್ಮೆಟ್ ಗ್ಲಾಸಿನ ಹೊರಗೆ ಮಂಜಿನ ಹನಿ, ಒಳಗೆ ಅವನದೇ ಉಸಿರಿನ ಆವಿ. 80ರ ವೇಗದಲ್ಲಿ ಬೈಕ್ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. 50 ಮೀಟರ್ ಮಾತ್ರ ಕಾಣುತ್ತಿದ್ದರೆ ಬ್ರೇಕ್ ಹಿಡಿಯಲು ಸಿಗುವುದು ಎರಡು ಸೆಕೆಂಡ್ ಚಿಲ್ಲರೆ. ಅದರಲ್ಲಿ ಒಂದು ಸೆಕೆಂಡ್ ಗ್ಲಾಸ್ ಒರೆಸಲು ಹೋದರೆ ಉಳಿಯುವುದೇನು?

ಬಿಸಿಲಿನ ವಿಷಯದಲ್ಲಿ ಗಲ್ಫ್ ದೇಶಗಳು ಗಡಿಯಾರ ಇಟ್ಟು ನಿಯಮ ಮಾಡಿವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕುವೈತ್ ಬೇಸಿಗೆಯಲ್ಲಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಡೆಲಿವರಿ ಬೈಕ್‌ಗಳನ್ನೇ ನಿಲ್ಲಿಸಿದೆ. ದುಬೈ ಆರ್‌ಟಿಎ ಡೆಲಿವರಿ ಸವಾರರಿಗಾಗಿ 40 ಎಸಿ ವಿಶ್ರಾಂತಿ ತಾಣಗಳ ಯೋಜನೆ ತಂದಿತು. ದೊಡ್ಡ ಮಳೆಗೂ ಒಂದು ಪಾಠ ಆಗಿದೆ. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 254.8 ಮಿ.ಮೀ. ಮಳೆ ಸುರಿದಾಗ ಡೆಲಿವರಿ ತಾನಾಗಿಯೇ ನಿಂತಿತು.

ಮಂಜು ಹಾಗಲ್ಲ. ಎರಡು ಮೂರು ಗಂಟೆ ಇದ್ದು ಬಿಸಿಲೇರಿದಂತೆ ಮಾಯವಾಗುತ್ತದೆ. ಅದಕ್ಕಾಗಿ ಯಾರೂ ಅಂಗಡಿ ಮುಚ್ಚುವುದಿಲ್ಲ. ಹೋಗಬೇಕೋ ನಿಲ್ಲಬೇಕೋ ಎಂಬ ತೀರ್ಮಾನ ಹೆಚ್ಚಾಗಿ ಸವಾರನ ತಲೆಯ ಮೇಲೆಯೇ ಬೀಳುತ್ತದೆ. ಆರ್ಡರ್ ಲೆಕ್ಕದಲ್ಲಿ ದುಡಿಯುವವನು ನಿಂತರೆ ಆ ಹೊತ್ತಿನ ದುಡ್ಡು ಹೋಯಿತು. ಊರಿಗೆ ಕಳಿಸುವ ಮೊತ್ತ ನೆನಪಾದಾಗ ಯಾರು ತಾನೇ ನಿಂತಾರು?

"ನಾವು ಮಂಗಳೂರಿನವರು, ಮಳೆ ನೋಡಿಯೇ ಬೆಳೆದವರು" ಅನ್ನುವ ಹುಡುಗರಿದ್ದಾರೆ. ನಿಜ. ಆದರೆ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಗ್ಲಾಸ್ ಎತ್ತಿಕೊಂಡು 20-30ರಲ್ಲಿ ಹೋಗಬಹುದು. ಇಲ್ಲಿಯ ಹೆದ್ದಾರಿಯಲ್ಲಿ ಹಿಂದಿನ ಕಾರು ಅಷ್ಟು ನಿಧಾನಕ್ಕೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಎಣ್ಣೆ, ಧೂಳು ಕುಡಿದ ರಸ್ತೆ ಮೊದಲ ಹನಿಗೇ ಜಾರುತ್ತದೆ.

ಸವಾರರು ತಾವೇ ಮಾಡಬಹುದಾದ ಕೆಲವು ಕೆಲಸಗಳಿವೆ. ಮರಳು ಕೂತ ಗ್ಲಾಸನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಆ ಗೀರುಗಳಲ್ಲಿ ಎದುರಿನ ಲೈಟ್ ಒಡೆದು ಕಣ್ಣಿಗೆ ಹೊಡೆಯುತ್ತದೆ. ಒದ್ದೆ ಬಟ್ಟೆ ಹಾಸಿಟ್ಟು ಧೂಳು ನೆನೆದ ಮೇಲೆ ಮೆದು ಸೋಪಿನ ನೀರಲ್ಲಿ ತೊಳೆಯಿರಿ. ಅಮೋನಿಯಾ ಇರುವ ಗಾಜಿನ ಕ್ಲೀನರ್, ಪೆಟ್ರೋಲ್ ಎರಡೂ ಬೇಡ, ಪಾಲಿಕಾರ್ಬೊನೇಟ್ ಹಾಳಾಗುತ್ತದೆ. ಒಳಮೈಗೆ ಪಾತ್ರೆ ತೊಳೆಯುವ ಸೋಪನ್ನು ತೆಳುವಾಗಿ ಸವರಿ ಒಣಗಿಸಿ ಒರೆಸಿದರೆ ಆವಿ ಸ್ವಲ್ಪ ಹೊತ್ತು ಕಟ್ಟುವುದಿಲ್ಲ. ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಪಿನ್‌ಲಾಕ್ ಹಾಳೆ: ಗ್ಲಾಸಿನ ಒಳಗೆ ಇನ್ನೊಂದು ಪದರ, ನಡುವೆ ಗಾಳಿ. ಇದಕ್ಕೆ ಪಿನ್ ಇರುವ ಗ್ಲಾಸೇ ಬೇಕು. ನಸುಕಿನಲ್ಲಿ ಕಪ್ಪು ಗ್ಲಾಸ್ ಬೇಡವೇ ಬೇಡ. ಬೇಸಿಗೆಯ ಸೆಖೆಯಲ್ಲಿ ಎಸಿ ರೂಮಿನಿಂದ ತಂದ ತಣ್ಣನೆ ಹೆಲ್ಮೆಟ್‌ಗೆ ಹೊರಮೈಯಲ್ಲೇ ಆವಿ ಕಟ್ಟುತ್ತದೆ. ಐದು ನಿಮಿಷ ಹೊರಗಿಟ್ಟು ಒರೆಸಿ ಹೊರಡಿ. ಏನೂ ಕಾಣದಿದ್ದರೆ ರಸ್ತೆ ಬಿಟ್ಟು ಪೆಟ್ರೋಲ್ ಬಂಕ್‌ಗೆ ಹೋಗಿ ನಿಲ್ಲಿ. ರಸ್ತೆಯ ಅಂಚಿನಲ್ಲಿ ನಿಲ್ಲುವುದು ಇನ್ನೂ ಅಪಾಯ.

ಆದರೆ ಎಲ್ಲವನ್ನೂ ಸವಾರನ ಜೇಬಿಗೆ, ಜಾಗ್ರತೆಗೆ ಬಿಡುವುದು ಸರಿಯಲ್ಲ. ಯುಎಇಯ 2021ರ ಫೆಡರಲ್ ಕಾರ್ಮಿಕ ಕಾನೂನು (33ನೇ ಡಿಕ್ರಿ) ಕೆಲಸದ ಅಪಾಯದಿಂದ ಕಾಪಾಡುವ ಸಾಧನಗಳನ್ನು ಉದ್ಯೋಗದಾತರೇ ಒದಗಿಸಬೇಕು ಅನ್ನುತ್ತದೆ. ಗೀರು ಬಿದ್ದ ಗ್ಲಾಸ್ ಬದಲಿಸಿಕೊಡುವುದು ಈ ಮಾತಿನ ಒಳಗೇ ಬರಬೇಕು. ಇನ್ನೊಂದು, ಹವಾಮಾನ ಕೇಂದ್ರದ ಎಚ್ಚರಿಕೆಯಲ್ಲಿ ಪ್ರದೇಶ, ಸಮಯ ಎರಡೂ ಇರುತ್ತವೆ. ಸಂಚಾರ ದಟ್ಟಣೆ ನೋಡಿ ಡೆಲಿವರಿ ಸಮಯ ಲೆಕ್ಕ ಹಾಕುವ ಆ್ಯಪ್‌ಗೆ ಕೆಂಪು ಎಚ್ಚರಿಕೆ ಇರುವ ಜಾಗದಲ್ಲಿ ಆ ಎರಡು ಗಂಟೆ ಆರ್ಡರ್ ನಿಲ್ಲಿಸುವುದು ಕಷ್ಟವೇನಲ್ಲ. ಆ ಹೊತ್ತಿಗೆ ಸವಾರನಿಗೆ ಕನಿಷ್ಠ ಮೊತ್ತ ಕೊಡುವುದೇ ನಿಜವಾದ ಪ್ರಶ್ನೆ. ಬಿಸಿಲಿಗೆ ನಿಯಮ ಮಾಡಿದ ಸರ್ಕಾರಗಳು ಮಂಜಿಗೂ ಮಾಡಬಲ್ಲವು.

ಆರ್ಡರ್ ಮಾಡುವವರಲ್ಲಿ ನಾವೂ ಇದ್ದೇವೆ. ಕಿಟಕಿಯಾಚೆ ಎದುರಿನ ಕಟ್ಟಡ ಕಾಣದ ಬೆಳಿಗ್ಗೆ ದೋಸೆ ಒಂಬತ್ತರ ನಂತರವೇ ಬರಲಿ. ತಡವಾಗಿ ಬಂದ ಹುಡುಗನಿಗೆ ಒಂದು ಸ್ಟಾರ್ ಕಡಿಮೆ ಮಾಡುವ ಮುನ್ನ ಅವನ ಹೆಲ್ಮೆಟ್ ಗ್ಲಾಸ್ ಒಮ್ಮೆ ನೋಡಿ.