ಕನ್ನಡ ಕಲಿತವರಿಗೆ ಕೆಟ್ಟ ಕನ್ನಡ

ಸರ್ಕಾರಿ ಕೆಲಸ ಹುಡುಕುವುದು ಹೇಗೆಂದು ದುದ್ದದ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಧಿಸೂಚನೆ ಓದುತ್ತಾರೆ, ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಕಾಯುತ್ತಾರೆ, ಓದಿದ ಶಾಲೆಯಿಂದ ಕನ್ನಡ ಮಾಧ್ಯಮದ ಪ್ರಮಾಣಪತ್ರ ತರುತ್ತಾರೆ. ಆಮೇಲೆ?

384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕೆಪಿಎಸ್‌ಸಿ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳ ತುಂಬ ಅನುವಾದದ ತಪ್ಪುಗಳು. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು; ಅಲ್ಲೂ ತಪ್ಪುಗಳೇ. ಕನ್ನಡದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಕೊಡುವ ಸರ್ಕಾರ, ಅವರ ಕೈಗೆ ಓದಲಾಗದ ಕನ್ನಡವನ್ನು ಕೊಡುವುದೇ?

ಉರ್ದು ಮನೆಮಾತಿನ ನಮಗೆ ಕನ್ನಡ ಕಲಿಯಿರಿ ಎಂದರು. ಕಲಿತೆವು. ಈಗ ಆಯೋಗವೂ ಕಲಿಯಲಿ. ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ಬರೆಸಲಿ, ಆಮೇಲೆ ಇಂಗ್ಲಿಷಿಗೆ ಅನುವಾದಿಸಲಿ. ಎಡವುವುದಾದರೆ ಒಂದು ಸಲ ಇಂಗ್ಲಿಷ್ ಎಡವಲಿ.